ಆಸ್ಟರ್ ಪಕ್ಕದ ಜಾಗ

ಶರತ್ಕಾಲದ ಹೂಪಾತಿಯಲ್ಲಿ ಆಸ್ಟರ್ ಗಿಡದ ಪಕ್ಕ ಒಂದು ಗುಳಿ ಖಾಲಿಯಿತ್ತು. ತೋಟದ ದುಂಡವ್ವ ಎರಡರಲ್ಲೊಂದನ್ನು ಅಲ್ಲಿ ನೆಡಲೆಂದು ಸೇವಂತಿಗೆಯ ಕುಂಡವನ್ನೂ ಕೋಳಿಜುಟ್ಟಿನ ಸಸಿಯನ್ನೂ ತಂದಿಟ್ಟಳು.

ಆಸ್ಟರ್ ಸೇವಂತಿಗೆಗೆ ಹೇಳಿತು: "ಅಕ್ಕಾ, ನೀನು ನಮ್ಮ ಕುಲದವಳು, ಬೇಗ ಬಾ. ಆ ಒರಟು ಕೋಳಿಜುಟ್ಟಿಗೂ ನನಗೂ ಏನು ನಂಟು?"

"ನಾನು ಬರಲಾರೆ."

"ನನ್ನ ಪಕ್ಕ ನಿಲ್ಲುವುದು ನಿನಗೆ ಅಷ್ಟು ಕೀಳೇ?"

ಅಷ್ಟರಲ್ಲಿ ದುಂಡವ್ವ ಸೇವಂತಿಗೆಯ ಬುಡಕ್ಕೇ ಕೈಹಾಕಿದಳು. ಆಸ್ಟರ್ ಹಿಗ್ಗಿತು. ಸೇವಂತಿಗೆ ಮಾತ್ರ ಮೇಲಿನ ಎಲೆಗಳನ್ನು ಸರಿಸಿ, ಮುಚ್ಚಿಕೊಂಡಿದ್ದ ಹಳದಿ ಚಿಗುರನ್ನು ಬಿಸಿಲಿಗೊಡ್ಡಿತು. ಅದರ ಮೇಲೊಂದು ಜಿಗಿಹುಳು ಕೂತಿತ್ತು.

"ಅಲುಗಾಡಬೇಡ, ತಂಗಿ. ನನಗೆ ರೋಗ ತಗುಲಿದೆ. ಈ ಹುಳು ನನ್ನ ರಸ ಹೀರಿ ನಿನ್ನ ಮೇಲೆ ಹಾರಿದರೆ ನಿನಗೂ ಅಂಟುತ್ತದೆ. ಕೋಳಿಜುಟ್ಟಿನ ಗೊಡವೆಗೆ ಅದು ಹೋಗುವುದಿಲ್ಲ."

"ಎಲೆ ಮುಚ್ಚಿಕೋ ಅಕ್ಕಾ! ದುಂಡವ್ವ ನೋಡಿದರೆ ನಿನ್ನನ್ನು ಸುಟ್ಟುಬಿಡುತ್ತಾಳೆ!"

"ನೋಡಲಿ."

ಹುಳು ಜಿಗಿಯಲು ಕಾಲೆತ್ತಿತು. ದುಂಡವ್ವನ ಕಣ್ಣು ಹಳದಿ ಚಿಗುರಿನ ಮೇಲೆ ಬಿತ್ತು. ತಟಕ್ಕನೆ ಪಕ್ಕದಲ್ಲಿದ್ದ ಒದ್ದೆ ಗೋಣಿಯನ್ನು ಹುಳುವಿನ ಸಮೇತ ಸೇವಂತಿಗೆಯ ಮೇಲೆ ಹಾಕಿ, ಕುಂಡವನ್ನೆತ್ತಿ ಕಸ ಸುಡುವ ಬೇಲಿಯ ಮೂಲೆಗೆ ಒಯ್ದಳು.

ಸಂಜೆ ಕೋಳಿಜುಟ್ಟು ಗುಳಿಗಿಳಿಯುತ್ತ ಅಳುಕಿನಿಂದ ಕೇಳಿತು: "ನಾನು ನಿಮ್ಮವನಲ್ಲ. ಇಲ್ಲಿ ನಿಲ್ಲಲೇ?"

ಬೇಲಿಯ ಕಡೆಯಿಂದ ಹೊಗೆ ಬರುತ್ತಿತ್ತು. ಆಸ್ಟರ್ ತನ್ನ ಕೊಂಬೆಯನ್ನು ಸರಿಸಿ ಜಾಗ ಕೊಟ್ಟಿತು.

"ನಿಲ್ಲು ತಮ್ಮಾ, ನಮ್ಮಕ್ಕ ಬಿಟ್ಟುಕೊಟ್ಟ ಜಾಗ ಅದು."