ಆಚೆ ದಡದಲ್ಲಿದ್ದ ಅರ್ಥ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯನವರು ಪದಗಳ ಮೂಲ ಕಲಿಸುತ್ತಿದ್ದರು. ಅಲ್ಲೊಂದು ರೂಢಿ. ಪದದ ಬೇರನ್ನು ಪುಸ್ತಕ ನೋಡಿ ಬರೆಯಬಹುದು, ಅರ್ಥವನ್ನು ಮಾತ್ರ ಅನುಭವಿಸಿಯೇ ಬರೆಯಬೇಕು.

ಶಿಷ್ಯೆ ಗಂಗವ್ವನಿಗೆ ಹೆಸರಷ್ಟೇ ಗಂಗೆಯದು, ನೀರೆಂದರೆ ಭಯ. ಆಚೆ ದಡದ ಊರಿನವರು ಮಕ್ಕಳಿಗೆ ಪಾಠ ಹೇಳಲು ಅವಳನ್ನು ಕರೆದಿದ್ದರು. ಇವತ್ತೂ ಬರದಿದ್ದರೆ ಶಾಲೆ ಮುಚ್ಚುತ್ತೇವೆ ಎಂದು ಹೇಳಿಕಳಿಸಿದ್ದರು. ಅಂಬಿಗನಿಲ್ಲದ ಹೊಳೆ ಅದು. ದಾಟುವವರು ತಾವೇ ಹುಟ್ಟು ಹಾಕಬೇಕು. ಗಂಗವ್ವ ಎರಡು ಸಲ ಹರಿಗೋಲು ಹತ್ತಿ ಎರಡು ಸಲವೂ ಇಳಿದುಬಂದಿದ್ದಳು.

ಆ ಬೆಳಿಗ್ಗೆ ದಂಡೆಯಲ್ಲಿ ಕೂತು ತನ್ನ ಪದಕೋಶ ತಿದ್ದುತ್ತಿದ್ದಳು. ದಾಟದಿರಲು ಅದೊಂದು ಒಳ್ಳೆಯ ನೆಪ.

“ಯಾವ ಪದ?” ಎಂದರು ಗುರುಗಳು.

“ಇಂಗ್ಲಿಷಿನ ಹಾರರ್, ಅಜ್ಜಾರ.”

“ಬೇರು?”

“ಲ್ಯಾಟಿನ್ನಿಂದ ಬಂದದ್ದು. ಮೈಕೂದಲು ನಿಮಿರೂದು ಅಂತ. ನಮ್ಮ ‘ಹರ್ಷ’ ಅನ್ನೂ ಪದಾನೂ ಅದೇ ಬೇರಿಂದು ಅಂತಾರ. ಅಂಜಿಕಿಗೂ ಖುಷಿಗೂ ಒಂದೇ ಬೇರು ಅಂದ್ರ ನಾ ನಂಬೂದಿಲ್ಲ.”

“ಅರ್ಥ?”

“ದಿಗಿಲು ಅಂತ ಬರದೀನಿ. ಅನುಭವಿಸಿದ್ದೇ, ನೋಡ್ರಿ.” ನಿಮಿರಿದ ಕೂದಲಿನ ತೋಳು ಚಾಚಿದಳು.

ಗುರುಗಳು ಪದಕೋಶವನ್ನು ಕೈಗೆ ತೆಗೆದುಕೊಂಡರು. ಹರಿಗೋಲಿನೊಳಗೆ ಇಟ್ಟರು. ಹಗ್ಗ ಬಿಚ್ಚಿದರು.

ಆರು ವರ್ಷದ ದುಡಿಮೆ ತೇಲಿ ಹೊರಟಿತು. ಗಂಗವ್ವ ಹಿಂದೆಮುಂದೆ ನೋಡದೆ ನೀರಿಗಿಳಿದು ಓಡಿ ಹರಿಗೋಲಿಗೆ ಹಾರಿಕೊಂಡಳು.

ಹರಿಗೋಲು ಗಿರಗಿರನೆ ತಿರುಗಿತು. ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ತಿರುಗುವುದೇ. ಮುಂದಿನ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು ಎಂಬುದು ನಡುಹೊಳೆಯಲ್ಲಿ ನೆನಪಾಯಿತು. ಅಳುತ್ತ, ಗುರುಗಳನ್ನು ಬಾಯಿಗೆ ಬಂದಂತೆ ಬೈಯುತ್ತ, ಎಳೆದಳು. ಇನ್ನೂ ಎಳೆದಳು.

ಕೊನೆಗೆ ಹರಿಗೋಲು ಮರಳಿಗೆ ತಾಗಿತು. ಮಕ್ಕಳು ಕೇಕೆ ಹಾಕುತ್ತ ಬಂದು ಅವಳನ್ನು ಮುತ್ತಿಕೊಂಡರು. ಅವಳು ತನ್ನ ತೋಳು ನೋಡಿಕೊಂಡಳು, ನಕ್ಕಳು.

“ಅಜ್ಜಾರ, ಕೂದಲು ಇನ್ನೂ ನಿಮಿರೇ ಅದಾವ,” ಎಂದು ಕೂಗಿದಳು. ಹೊಳೆ ಅಲ್ಲಿ ಕಿರಿದು, ಮಾತು ದಾಟುತ್ತಿತ್ತು.

“ಹೆದರಿಕಿಯೇನು?”

“ಅಲ್ಲ. ಇಷ್ಟು ಖುಷಿ ನನಗ ಹುಟ್ಟಿದಾಗಿಂದ ಆಗಿದ್ದಿಲ್ಲ.”

ಗುರುಗಳು ಒಂದು ಪಾದವನ್ನು ನೀರಿಗಿಟ್ಟು, ತಟ್ಟನೆ ಹಿಂದಕ್ಕೆ ಎಳೆದುಕೊಂಡರು. ಅವರು ಆಚೆ ದಡಕ್ಕೆ ಹೋದದ್ದನ್ನು ತಾನು ಎಂದೂ ಕಂಡಿಲ್ಲವೆಂದು ಗಂಗವ್ವನಿಗೆ ಆಗ ಹೊಳೆಯಿತು.

“ಹಂಗಾದ್ರ ಹರಿಗೋಲು ತಗೊಂಡು ಬಾ, ಗಂಗವ್ವ,” ಎಂದರು ಗುರುಗಳು. “ನಾ ಮೂವತ್ತು ವರ್ಷದಿಂದ ಅರ್ಧಾ ಅರ್ಥಾನ ಕಲಿಸ್ಕೊಂತ ಬಂದೀನಿ.”