ಹೆಗಲು ಹದಮಾಡಿದ ಸೀರೆ

ಕಾರ್ತಿಕಮಾಸದ ಒಂದು ಅಪರಾಹ್ನ. ಬಸದಿಯ ಜಗಲಿಯಲ್ಲಿ ಜಿನ್ನಪ್ಪ ಪಂಡಿತರು ತಾಳೆಗರಿಯ ಪಾಠ ಮುಗಿಸಿ ಕಟ್ಟಿನ ದಾರ ಬಿಗಿಯುತ್ತಿದ್ದರು. ಅವರ ಶಿಷ್ಯೆ ಯಶಸ್ವತಿ ಮಾತ್ರ ಏಳದೆ ಕುಳಿತಿದ್ದಳು. ಆಕೆಗೆ ಎಂಟು ತಿಂಗಳು ತುಂಬಿತ್ತು.

“ಗುರುಗಳೇ, ಫ್ಲೂ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ಹುಟ್ಟಿದ ಕೂಸಿಗೆ ಆರು ತಿಂಗಳಾಗುವವರೆಗೆ ಅದನ್ನು ಕೊಡುವಂತಿಲ್ಲವಂತೆ; ಈಗ ನಾನು ಹಾಕಿಸಿಕೊಂಡರೆ ಅದರ ಕಾಪು ಕೂಸಿಗೂ ಸಲ್ಲುತ್ತದಂತೆ. ನಾನೋ ಐದು ವರ್ಷದಿಂದ ಒಂದು ದಿನವೂ ಜ್ವರವೆಂದು ಮಲಗಿದವಳಲ್ಲ. ಇಲ್ಲದ ರೋಗಕ್ಕೆ ಸೂಜಿ ಚುಚ್ಚಿಸಿಕೊಂಡು, ಒಳಗಿರುವ ಜೀವಕ್ಕೆ ಏನಾದರೂ ತಾಗಿದರೆ? ಏನು ಮಾಡಲಿ?”

“ನಿನ್ನ ಗಟ್ಟಿತನ ನನಗೆ ಗೊತ್ತಮ್ಮಾ. ಓದುವಾಗ ಸಂಧಿ ತಪ್ಪಿದರೂ ದನಿ ತಗ್ಗಿಸಿದವಳಲ್ಲ ನೀನು,” ಎಂದು ಪಂಡಿತರು ನಕ್ಕರು. ಅನಂತರ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದನು. ಅವನ ಹೆಂಡತಿಗೆ ದಿನ ತುಂಬುತ್ತ ಬಂದಿತ್ತು. ಆ ಮನೆಯಲ್ಲಿ ಹಸುಗೂಸಿಗೆ ಹೊಸ ಬಟ್ಟೆ ಹೊದಿಸುವ ವಾಡಿಕೆ ಇರಲಿಲ್ಲ; ಗಂಜಿ ಹಾಕಿದ ನೂಲು ಎಳೆಯ ಮೈಯನ್ನು ಗೀರುತ್ತದೆ. ತಾಯಿ ಉಟ್ಟು, ಒಗೆದು, ಮೆತ್ತಗಾಗಿಸಿದ ಸೀರೆಯೇ ಕೂಸಿನ ಹೊದಿಕೆ. ಒಂದು ದಿನ ಅತ್ತೆಯು ಮಗ್ಗದಿಂದ ಆಗತಾನೇ ಇಳಿಸಿದ ದಪ್ಪ ನೂಲಿನ ಸೀರೆಯೊಂದನ್ನು ತಂದು ಸೊಸೆಯ ಮುಂದಿಟ್ಟಳು.

ಸೊಸೆ ರೇಷ್ಮೆಯ ಅಂಚಿಗೆ ಹೆಸರಾದ ಮನೆಯಲ್ಲಿ ಹುಟ್ಟಿದವಳು, ತಲೆಯೆತ್ತಿಯೇ ನಡೆಯುವವಳು. “ಅತ್ತೆ, ನನಗೆ ಚಳಿಯೇ ಆಗುವುದಿಲ್ಲ. ಹಳೆಯ ಸೀರೆಗಳೂ ಪೆಟ್ಟಿಗೆಯ ತುಂಬ ಇವೆ. ಇದರ ಒರಟು ಹೊಟ್ಟೆಯಲ್ಲಿರುವ ಕೂಸಿಗೆ ತಾಗಿದರೆ?” ಎಂದಳು.

“ನಿನಗೆ ಚಳಿಯಾಗದೆಂದು ನಾನೂ ಬಲ್ಲೆ. ನೀನು ಉಡುವುದು ನಿನಗೆಂದು ಯಾರು ಹೇಳಿದರು?” ಎಂದಳು ಅತ್ತೆ. “ಹಳೆಯವು ಹೋದ ವರ್ಷದ ಚಳಿಯಲ್ಲೇ ಸವೆದು ಜಾಳಾದವು, ಈ ಸಲದ ಗಾಳಿಯನ್ನು ತಡೆಯವು. ಗಂಜಿ ಗೀರುವುದು ನಿನ್ನ ಹೆಗಲನ್ನು. ಕೂಸಿನವರೆಗೆ ಹೋಗುವುದು ಮೆತ್ತಗಾದ ಬಟ್ಟೆ ಮಾತ್ರ. ಹೆರಿಗೆಯ ದಿನ ಉಟ್ಟರೆ ಅದು ಹದಕ್ಕೆ ಬರುವುದಿಲ್ಲ.”

ಸೊಸೆ ಸೀರೆಯನ್ನು ಎರಡು ಸಲ ಮಡಿಚಿ ಬದಿಗಿಟ್ಟಳು. ಮೂರನೆಯ ಸಲ ಬಿಚ್ಚಿ ಉಟ್ಟಳು. ಹೆಗಲು ಕೆಂಪಾಯಿತು, ಉರಿಯಿತು. ಅವಳು ಸೆರಗನ್ನು ಸರಿಸಲಿಲ್ಲ.

ಮಾರನೆಯ ದಿನ ಬಾವಿಕಟ್ಟೆಯಲ್ಲಿ ನೆರೆಮನೆಯವಳು ಕಣ್ಣರಳಿಸಿ, “ಏನೇ, ಗೋಣಿಚೀಲ ಸುತ್ತಿಕೊಂಡು ಬಂದಿದ್ದೀಯೆ? ನಿಮ್ಮ ಮಗ್ಗಕ್ಕೆ ರೇಷ್ಮೆ ಸಾಲದಾಯಿತೇ?” ಎಂದಳು.

ಸೊಸೆ ತುಂಬಿದ ಕೊಡವನ್ನು ಕಟ್ಟೆಯ ಮೇಲಿಟ್ಟು ನೆಟ್ಟಗೆ ನಿಂತಳು. ಉರಿಯುವ ಹೆಗಲ ಮೇಲೆ ಸೆರಗನ್ನು ಹರಡಿಕೊಂಡಳು. “ಇದು ನನ್ನ ಸೀರೆಯಲ್ಲ ಅಕ್ಕಾ. ನಮ್ಮ ಮನೆಗೆ ಒಬ್ಬರು ಬರುವವರಿದ್ದಾರೆ. ಅವರದನ್ನು ನಾನು ಉಟ್ಟು ಹದಮಾಡುತ್ತಿದ್ದೇನೆ,” ಎಂದಳು. ಅಂದು ಅವಳು ಹತ್ತಿರದ ಓಣಿಯನ್ನು ಬಿಟ್ಟು ಊರಿನ ನಡುಬೀದಿಯಲ್ಲಿಯೇ ಮನೆಗೆ ನಡೆದಳು.

ಪಂಡಿತರು ಕತೆ ನಿಲ್ಲಿಸಿದರು. ಯಶಸ್ವತಿ ತನ್ನ ಎಡತೋಳನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

“ಗುರುಗಳೇ, ಆಕೆಯ ಹೆಗಲು ಎಷ್ಟು ದಿನ ಉರಿಯಿತು?”

“ಎರಡು ದಿನ, ಮಗಳೇ. ಕೂಸು ಆ ಸೀರೆಯಲ್ಲಿ ಆರು ತಿಂಗಳು ಮಲಗಿತು.”

ಯಶಸ್ವತಿ ಕೈಯೂರಿ ಎದ್ದು, ಗುರುಗಳಿಗೆ ಕೈಮುಗಿದು ಮನೆಗೆ ಹೊರಟಳು.

ಮರುದಿನ ಬೆಳಗ್ಗೆ ಆಕೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡಳು. ತೋಳು ನೋಯುತ್ತಿದ್ದರೂ ಮಧ್ಯಾಹ್ನದ ಪಾಠಕ್ಕೆ ಬಂದು, ಅದೇ ಕೈಯಲ್ಲಿ ತಾಳೆಗರಿಯನ್ನು ಎತ್ತಿಹಿಡಿದು ಓದಿದಳು. ಪುಷ್ಯಮಾಸದಲ್ಲಿ ಆಕೆಗೆ ಹೆಣ್ಣುಮಗು ಹುಟ್ಟಿತು.