ಶಿವಮಾದೇವಿಯ ಹೊಸ ಬೂಟು

ಅರಣ್ಯ ರಕ್ಷಕಿ ಶಿವಮಾದೇವಿಯ ಹೊಸ ಚರ್ಮದ ಬೂಟು ಹಿಮ್ಮಡಿ ಕಚ್ಚುತ್ತಿತ್ತು. ಆಕೆ ಗಾಯದ ಫೋಟೊ ಹಾಕಿದ್ದೇ ತಡ, ಕೇಳದಿದ್ದರೂ ಮೊಬೈಲಿಗೆ ಸಲಹೆಗಳು ಸುರಿದವು.

ಮೊಬೈಲು ಬೂಟಿಗೆ ಹೇಳಿತು: "ನಿನ್ನನ್ನು ನೀರಲ್ಲಿ ನೆನೆಸಬೇಕಂತೆ, ಬಿಸಿಲಿಗಿಡಬೇಕಂತೆ, ಎಸೆದೇಬಿಡಬೇಕಂತೆ. ಇನ್ನೂರು ಜನ ಬರೆದಿದ್ದಾರೆ."

"ಅವರಲ್ಲಿ ನನ್ನನ್ನು ಹಾಕಿಕೊಂಡು ನಡೆದವರು ಯಾರು?" ಎಂದಿತು ಬೂಟು.

"ಯಾರೂ ಇಲ್ಲ."

"ನಡೆದವಳು ಈಕೆ ಒಬ್ಬಳೇ. ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ದಿನವೂ ಗುಡ್ಡ ಹತ್ತಿದಳು. ಒಮ್ಮೆಯೂ ನನ್ನನ್ನು ಬಯ್ಯಲಿಲ್ಲ. ನನಗೇ ನಾಚಿಕೆಯಾಗಿ ಮೆತ್ತಗಾಗುತ್ತಿದ್ದೇನೆ."

ಅಷ್ಟರಲ್ಲಿ ಗುಡ್ಡದ ಮೇಲೆ ಹೊಗೆ ಕಂಡಿತು. ಶಿವಮಾದೇವಿ ಬೂಟಿನ ದಾರ ಬಿಗಿದು, ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡಿದಳು. ಬೆಂಕಿ ಬಡಿದು, ಕಿಡಿಗಳನ್ನು ತುಳಿದು ಆರಿಸಿದಳು. ಅಂದು ಬೂಟು ಕಚ್ಚಲಿಲ್ಲ.

ಜೇಬಿನಲ್ಲಿದ್ದ ಮೊಬೈಲು ಸಲಹೆಗಳನ್ನು ಎಣಿಸುವುದು ಬಿಟ್ಟು ಆಕೆಯ ಹೆಜ್ಜೆಗಳನ್ನು ಎಣಿಸುತ್ತ ಹೋಯಿತು.